ಟೇಲರಮ್ಮನ ಹಸಿರು ಬೆಕ್ಕು

ಟೇಲರಮ್ಮ ಕುಂಚ ಹಿಡಿದು ಇನ್ನೂ ವರ್ಷ ತುಂಬಿಲ್ಲ, ಆಗಲೇ ಮನೆಯಲ್ಲಿ ಒಂದು ಗೋಡೆಯೂ ಖಾಲಿ ಉಳಿದಿಲ್ಲ. ಅವರು ಬರೆದ ಬೆಕ್ಕು ಹಸಿರು, ಕಾಗೆ ಕೆಂಪು, ಗಂಡನ ಮೂಗಂತೂ ಕಿಟಕಿ ದಾಟಿ ಬೀದಿಗೇ ಇಳಿದಿದೆ. "ನನ್ನ ಮೂಗು ಇಷ್ಟುದ್ದ ಇದೆಯೇನೇ?" ಎಂದು ಗಂಡ ಗೊಣಗಿದರೆ, "ಸುಮ್ನಿರಿ, ಬಣ್ಣ ಮಿಕ್ಕಿತ್ತು" ಎನ್ನುತ್ತಾರೆ. ಯಾರಾದರೂ ಬಂದು "ನಮ್ಮ ಸೋಫಾಗೆ ಹೊಂದೋ ಹಾಗೆ ಒಂದು ಬರ್ಕೊಡಿ" ಎಂದರೆ, ಕುಂಚ ಕೊಡವಿ, "ಮುಂದಿನ ವರ್ಷದಿಂದ ಇದೇ ನನ್ನ ಕಸುಬು, ಆಗ ಬನ್ನಿ, ನಿಮ್ಮ ಸೋಫಾ ಹೇಳಿದ ಹಾಗೇ ಕೇಳ್ತೀನಿ. ಈ ವರ್ಷ ಮಾತ್ರ ನಾನು ಆಡಿದ್ದೇ ಆಟ!" ಎಂದು ಸಾಗಹಾಕುತ್ತಾರೆ. ಪ್ರಾಯವಿಡೀ ಊರಿನವರ ಎದೆ, ಸೊಂಟ, ತೋಳು ಅಳೆದೂ ಅಳೆದೂ ಅಂಕಿಗಳೇ ಅಳಿಸಿಹೋದ ಆ ಹಳೆಯ ಟೇಪನ್ನು ಅವರು ಎಸೆದಿಲ್ಲ. ಅದರಿಂದಲೇ ಕುಂಚಗಳ ಕಟ್ಟನ್ನು ಬಿಗಿದು, ಮೇಲೊಂದು ಹೂಗಂಟು ಹಾಕಿದ್ದಾರೆ.