ಅರ್ಧ ಮುಚ್ಚಿದ ಮಸೂರ

ಹೈಸ್ಕೂಲಿನಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಮಸೂರವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ತೋರಿಸುತ್ತಿದ್ದರು. ನಾವು ಕೂತಲ್ಲಿಂದಲೇ ನೋಡಿ ಚಿತ್ರ ಬರೆಯುತ್ತಿದ್ದೆವು. ಕಾಲೇಜಿನಲ್ಲಿ ಕೈಗೆ ಸಿಕ್ಕಿತಾದರೂ ರೀಡಿಂಗ್ ಬರೆದು ಸಹಿ ಹಾಕಿಸಿಕೊಳ್ಳುವ ಗಡಿಬಿಡಿಯಲ್ಲೇ ಅದೂ ಮುಗಿಯಿತು. ನಾನೇ ಟೀಚರಾದ ಮೇಲೆ ಹನ್ನೆರಡು ವರ್ಷ ಬೆಳಕಿನ ಪಾಠವನ್ನು ಸೀಮೆಸುಣ್ಣದಲ್ಲೇ ಮಾಡಿದೆ. ಚೆನ್ನಾಗಿಯೇ ಮಾಡುತ್ತೇನೆ ಎಂದುಕೊಂಡಿದ್ದೆ.

ಹರಿಹರದ ಹೆಣ್ಣುಮಕ್ಕಳ ಹೈಸ್ಕೂಲಿಗೆ ವರ್ಗವಾಗಿ ಬಂದಾಗ ಅಲ್ಲಿ ಪ್ರಯೋಗದ ಸಾಮಾನಿನ ಒಂದು ಬೀರು ಇತ್ತು. ಬೀಗದಕೈ ಹೆಡ್‌ಮೇಡಂ ಹತ್ತಿರ ಭದ್ರವಾಗಿತ್ತು. ಅವರು ಸಮಾಜ ವಿಜ್ಞಾನದವರು, ಒಳ್ಳೆಯವರು, ಆದರೆ ಗಾಜಿನ ಸಾಮಾನು ಎಂದರೆ ಅಂಜಿಕೆ. ಒಡೆದರೆ ಮೇಲಿನವರಿಗೆ ಉತ್ತರ ಕೊಡುವವರು ಯಾರು ಎಂಬುದು ಅವರ ಚಿಂತೆ. ನಾನು ಕೊಡುತ್ತೇನೆ ಎಂದು ಬರೆದು ಸಹಿ ಮಾಡಿದ ಮೇಲೆ ಬೀಗದಕೈ ನನ್ನ ಕೈಗೆ ಬಂತು.

ಒಳಗೆ ಮಸೂರಗಳು ಹಳೇ ಪೇಪರಿನಲ್ಲಿ ಬೆಚ್ಚಗೆ ಮಲಗಿದ್ದವು, ಒಂದೂ ಒಡೆದಿರಲಿಲ್ಲ. ಅಳತೆ ಗುರುತುಗಳಿದ್ದ ಉದ್ದನೆಯ ಮರದ ಪಟ್ಟಿಯೂ ನೆಟ್ಟಗಿತ್ತು. ಆದರೆ ಮೇಣದಬತ್ತಿ, ಮಸೂರ, ಪರದೆ ಇವನ್ನು ಪಟ್ಟಿಯ ಮೇಲೆ ನಿಲ್ಲಿಸುವ ಮೂರು ಸ್ಟ್ಯಾಂಡುಗಳಲ್ಲಿ ಎರಡು ಇರಲಿಲ್ಲ, ಒಂದರ ಬುಡ ಮುರಿದಿತ್ತು.

ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಕಬ್ಬಿಣ ಕಡೆಯುವ ಒಂದು ಲೇತ್ ಅಂಗಡಿ ಇದೆ. ಅದನ್ನು ನಡೆಸುವ ಯಜಮಾನರಿಗೆ ಎಪ್ಪತ್ತರ ಮೇಲೆ. ಊರಿನ ದೊಡ್ಡ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು, ಅದು ಮುಚ್ಚಿದ ಮೇಲೆ ತಗಡಿನ ಶೆಡ್ಡಿನಲ್ಲಿ ಒಂದು ಲೇತ್ ಹಾಕಿಕೊಂಡವರು. ಮುರಿದ ಸ್ಟ್ಯಾಂಡನ್ನು ಅವರ ಮುಂದಿಟ್ಟು, ಇಂಥವು ಮೂರು ಬೇಕು, ಎತ್ತರ ಇಷ್ಟಿದ್ದರೆ ಸಾಕು ಎಂದು ಕೈಯಲ್ಲಿ ತೋರಿಸಿದೆ.

"ಇಷ್ಟು ಅಂದ್ರೆ ಲೇತಿಗೆ ತಿಳಿಯಂಗಿಲ್ಲ ಮೇಡಮ್ಮಾರೆ," ಎಂದರು ಅವರು. "ಮಿಲಿಮೀಟರ್ ಹೇಳ್ರಿ."

ಭೌತಶಾಸ್ತ್ರದ ಟೀಚರಿಗೆ ಅದಕ್ಕಿಂತ ದೊಡ್ಡ ಮುಖಭಂಗ ಬೇಕೆ? ಮರುದಿನ ಅಳತೆ ಬರೆದ ಚೀಟಿ ಹಿಡಿದು ಹೋದೆ. ಬತ್ತಿಯ ಕುಡಿ, ಮಸೂರದ ನಡು, ಪರದೆಯ ನಡು ಮೂರೂ ಒಂದೇ ಗೆರೆಯಲ್ಲಿರಬೇಕು ಎಂದು ವಿವರಿಸಲು ಹೊರಟರೆ ಅವರು ಅರ್ಧಕ್ಕೇ ತಲೆಯಾಡಿಸಿದರು. ಜೀವಮಾನವೆಲ್ಲ ಸೆಂಟರ್ ಹಿಡಿದವರಿಗೆ ಅದನ್ನು ಹೇಳಿಕೊಡಬೇಕಿರಲಿಲ್ಲ. ಸ್ಟ್ಯಾಂಡುಗಳನ್ನು ತಾವೇ ಶಾಲೆಗೆ ತಂದರು. ಸೆಂಟರ್ ಸರಿಬಂದಿದೆಯೋ ಇಲ್ಲವೋ ಕಣ್ಣಾರೆ ನೋಡಿಯೇ ಹೋಗುತ್ತೇನೆ ಎಂದು ಹತ್ತನೇ ಕ್ಲಾಸಿನಲ್ಲಿ ಹುಡುಗಿಯರ ಹಿಂದೆ ಕುರ್ಚಿ ಹಾಕಿಕೊಂಡು ಕೂತರು.

ಕಿಟಕಿಗಳಿಗೆ ಕಂಬಳಿ ಕಟ್ಟಿ ಬತ್ತಿ ಹಚ್ಚಿದೆವು. ಪರದೆಯನ್ನು ಹಿಂದೆ ಮುಂದೆ ಸರಿಸುತ್ತಿದ್ದಂತೆ ಒಂದು ಕಡೆ ಉರಿ ತಲೆಕೆಳಗಾಗಿ, ಸ್ಪಷ್ಟವಾಗಿ ಮೂಡಿತು. ಹುಡುಗಿಯರು ಒಬ್ಬರ ಮೇಲೊಬ್ಬರು ಬಗ್ಗಿ ನೋಡಿದರು. ಅಷ್ಟರಲ್ಲಿ ಸದಾ ತಕರಾರು ತೆಗೆಯುವ ಒಬ್ಬಳು ಎದ್ದು ನಿಂತಳು. ಮಸೂರದ ಅರ್ಧ ಭಾಗಕ್ಕೆ ಕಪ್ಪು ಕಾಗದ ಮುಚ್ಚಿದರೂ ಪೂರ್ತಿ ಪ್ರತಿಬಿಂಬ ಬರುತ್ತದೆ ಎಂದು ನಾನು ನೋಟ್ಸ್ ಬರೆಸಿದ್ದೆ.

"ಅದನ್ನ ಬಾಯಿಪಾಠ ಮಾಡೀನಿ ಮಿಸ್," ಎಂದಳು, "ಆದ್ರೆ ನಂಗೆ ನಂಬಿಕೆ ಇಲ್ಲ."

ಮೊಬೈಲಿನಲ್ಲಿ ವಿಡಿಯೋ ಇದೆಯಲ್ಲ ಎಂದು ಪಕ್ಕದವಳು ಹೇಳಿದಳು. ಮೊಬೈಲಿನಲ್ಲಿ ಈಗ ಏನನ್ನು ಬೇಕಾದರೂ ತೋರಿಸುತ್ತಾರೆ ಎಂದು ಇವಳು ಅದನ್ನೂ ತಳ್ಳಿಹಾಕಿದಳು.

ಕಪ್ಪು ಕಾಗದ ಕೈಗೆತ್ತಿಕೊಂಡೆ. ಹನ್ನೆರಡು ವರ್ಷ ಬರೆಸಿದ ಉತ್ತರವನ್ನು ನಾನೂ ಒಮ್ಮೆಯೂ ನೋಡಿರಲಿಲ್ಲ. ಮಸೂರದ ಮೇಲರ್ಧ ಮುಚ್ಚಿದೆ. ಪರದೆಯ ಮೇಲಿನ ಉರಿ ಮಂಕಾಯಿತು, ಆದರೆ ಇಡೀ ಉರಿ ಹಾಗೇ ಇತ್ತು. ನಾನು ಮೈಮರೆತು ಬಗ್ಗಿಬಿಟ್ಟಿದ್ದೆ.

"ಮಿಸ್, ನೀವೂ ಇದನ್ನ ಈಗ್ಲೇ ನೋಡ್ತಿರೋದಾ?" ಎಂದಳು ಅದೇ ಹುಡುಗಿ.

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಹೌದು ಎಂದೆ. ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕೆ.

ಯಜಮಾನರು ಎದ್ದು ಬಂದು ಕಾಗದವನ್ನು ಕೆಳಗಿನಿಂದ ಮುಚ್ಚಿ ನೋಡಿದರು, ಪಕ್ಕದಿಂದ ಮುಚ್ಚಿ ನೋಡಿದರು. ಯಾಕೆ ಹೀಗೆ ಎಂದು ಕೇಳಿದ್ದು ನನ್ನನ್ನಲ್ಲ, ಆ ಹುಡುಗಿಯನ್ನು. ಅವಳು ಕ್ಷಣ ಯೋಚಿಸಿ ಹೇಳಿದಳು: "ಉರಿಯ ಒಂದೊಂದು ಚುಕ್ಕಿ ಬೆಳಕೂ ಇಡೀ ಮಸೂರದ ಮೇಲೆ ಬೀಳತೈತೆ, ಅಜ್ಜಾರೆ. ಅರ್ಧ ಮುಚ್ಚಿದ್ರೂ ಉಳಿದರ್ಧ ಎಲ್ಲಾ ಚುಕ್ಕಿನೂ ಕೂಡಿಸ್ತೈತೆ. ಬೆಳಕಷ್ಟೇ ಕಮ್ಮಿ." ನಾನು ಬರೆಸಿದ ನೋಟ್ಸಿನಲ್ಲಿ ಇದು ಇರಲಿಲ್ಲ.

ನಗು ಕೇಳಿ, ಏನೋ ಒಡೆಯಿತೆಂದೇ ಹೆಡ್‌ಮೇಡಂ ಓಡಿ ಬಂದರು. ಹುಡುಗಿಯರು ಅವರ ಅಂಗೈಯನ್ನು ಪರದೆಯ ಜಾಗದಲ್ಲಿ ಹಿಡಿಸಿದರು. ಅಂಗೈ ಮೇಲೆ ಪುಟ್ಟ ಉರಿ ತಲೆಕೆಳಗಾಗಿ ಅಲುಗಾಡಿತು. "ಸುಡಂಗೇ ಇಲ್ವಲ್ರಿ," ಎಂದು ಮೆಲ್ಲಗೆ ಅಂದು, ಬೆಲ್ಲು ಹೊಡೆದರೂ ಅವರು ಕೈ ತೆಗೆಯಲಿಲ್ಲ. ಮುಂದಿನ ವಾರ ಬೀರು ಕ್ಲಾಸಿನೊಳಕ್ಕೇ ಬಂತು.

ಮೋಟಾರಿನ ಪಾಠದ ಹೊತ್ತಿಗೆ ಯಜಮಾನರು ತಾಮ್ರದ ತಂತಿಯ ಸುರುಳಿ ಹಿಡಿದು ಕರೆಯದೇ ಬಂದರು. ಹುಡುಗಿಯರು ತಂತಿ ಸುತ್ತಿದರು, ತುದಿಗಳ ಮೇಲಿನ ಲೇಪವನ್ನು ಬ್ಲೇಡಿನಲ್ಲಿ ಕೆರೆದರು, ಅವರ ಜೊತೆ ನಾನೂ ಕೆರೆದೆ. ಮೊದಲ ಸುರುಳಿ ಗಿರ್ರೆಂದು ತಿರುಗಿದಾಗ ನಾನು ದಿನಾ ಮನೆಗೆ ಹೋಗುವ ದಾವಣಗೆರೆ ಬಸ್ಸು ಹೊರಟುಹೋಗಿತ್ತು. ಮುಂದಿನ ಬಸ್ಸಿನಲ್ಲಿ ನಿಂತುಕೊಂಡೇ ಊರು ಸೇರಿದೆ. ಅಲ್ಲಿನ ಶಾಮನೂರು ಬಡಾವಣೆಯ ಮನೆಯಲ್ಲಿ ಕೈ ತೊಳೆಯುವಾಗ ಉಗುರಿನ ಸಂದಿಯಲ್ಲಿ ಸಿಕ್ಕಿದ್ದ ತಾಮ್ರದ ಪುಡಿ ಹೊಳೆಯುತ್ತಿತ್ತು.