ಅರ್ಥವಾಗದೆ ಓದುವ ದನಿ

ಖಾನಾಪುರದಲ್ಲಿರುವ ನನ್ನ ಅತ್ತೆಯ ಕನ್ನಡಕದ ಡಬ್ಬಿ ಕಂದು ಬಣ್ಣದ್ದು. ಒಳಗೆ ನೀಲಿ ಮಖಮಲ್ಲಿನ ಅಸ್ತರು, ಮುಚ್ಚಿದರೆ ಟಪ್ ಎಂದು ಖಚಿತವಾದ ಸದ್ದು. ಕಳೆದ ಮಳೆಗಾಲದಲ್ಲಿ ನೋಡಿದಾಗ ಅದರೊಳಗೆ ಕನ್ನಡಕವಿರಲಿಲ್ಲ. ಸೀರೆಯ ನೆರಿಗೆ ಮಡಚುವಷ್ಟೇ ಅಚ್ಚುಕಟ್ಟಾಗಿ ತಂತಿ ಮಡಚಿ, ನಡುವಿಗೆ ಕೆಂಪು ದಾರ ಕಟ್ಟಿದ ಒಂದು ಇಯರ್‌ಫೋನ್ ಮಲಗಿತ್ತು. ಕಣ್ಣಿಗೆಂದು ಕಟ್ಟಿದ ಮನೆಗೆ ಕಿವಿಯ ಕಡೆಯವರು ಬಾಡಿಗೆಗೆ ಬಂದಂತೆ. ಆ ಬಾಡಿಗೆದಾರ ಹೇಗೆ ಬಂದ, ಹೇಗೆ ಹೋದ ಎಂಬುದನ್ನು ನಿಮಗೆ ಹೇಳಬೇಕೆನಿಸಿದೆ. ಹೇಳುತ್ತ ಹೋದರೆ ಇದು ಕಂಪ್ಯೂಟರಿನ ಮಾತೂ ಆಗುತ್ತದೆ. ಅದಕ್ಕೆ ಹೆದರಬೇಡಿ, ನನಗೂ ಅದರಲ್ಲಿ ತಿಳಿದದ್ದು ಅಷ್ಟಕ್ಕಷ್ಟೇ.

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಅಲ್ಲಿನ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಮದುವೆಯಾಗಲಿಲ್ಲ, ತಮ್ಮನ, ಅಂದರೆ ನನ್ನ ಕಾಕಾನ, ತುಂಬಿದ ಮನೆಯಲ್ಲಿ ಇರುತ್ತಾರೆ. ಕಣ್ಣಿನೊಳಗಿನ ಒತ್ತಡ ಏರಿ, ನೋಟವು ಅಂಚಿನಿಂದ ನಡುವಿಗೆ ಸವೆಯುತ್ತ ಬರುವ ಕಾಯಿಲೆ ಅವರಿಗೆ ಬಂತು. ಬೆಳಗಾವಿಯ ನೆಹರು ನಗರದ ಆಸ್ಪತ್ರೆಯ ವೈದ್ಯರು ಸವೆತವನ್ನು ಔಷಧದ ಹನಿಗಳಿಂದ ತಡೆದು ನಿಲ್ಲಿಸಿದರು. ಹೋದದ್ದು ಮರಳುವುದಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿದರು. ಬಾಗಿಲು ಎಲ್ಲಿದೆ, ಬಾಗಿಲಲ್ಲಿ ಯಾರಾದರೂ ನಿಂತಿದ್ದಾರೆಯೇ ಎಂದು ತಿಳಿಯುವಷ್ಟು ಬೆಳಕು ಉಳಿಯಿತು. ಅಕ್ಷರ ಉಳಿಯಲಿಲ್ಲ.

ಅಕ್ಷರ ಹೋದದ್ದರಿಂದ ಅತ್ತೆ ಕಳೆದುಕೊಳ್ಳತೊಡಗಿದ್ದು ಪುಸ್ತಕಗಳನ್ನು ಮಾತ್ರವಲ್ಲ, ಒಬ್ಬ ಗೆಳತಿಯನ್ನು. ಸುಮನ್‌ಬಾಯಿ ಅದೇ ಶಾಲೆಯಲ್ಲಿ ಗಣಿತ ಕಲಿಸಿದವರು. ಮನೆಮಾತು ಮರಾಠಿ, ಕನ್ನಡ ಬರೆಯಲು ಕಲಿತದ್ದು ಶಿಕ್ಷಕರ ಕೊಠಡಿಯಲ್ಲಿ, ನಮ್ಮ ಅತ್ತೆಯಿಂದ. ಈಗ ಪುಣೆಯಲ್ಲಿ ಮಗಳ ಜೊತೆ ಇದ್ದಾರೆ. ಅಲ್ಲಿಂದ ಅವರು ಇಮೇಲಿನಲ್ಲಿ ಉದ್ದುದ್ದ ಪತ್ರಗಳನ್ನು ಕಳಿಸುತ್ತಿದ್ದರು, ಅತ್ತೆ ತಮ್ಮ ಹಳೆಯ ಲ್ಯಾಪ್‌ಟಾಪಿನ ಮುಂದೆ ಕುಳಿತು, ಒಬ್ಬರೇ ತುಟಿಯಂಚಿನಲ್ಲಿ ನಗುತ್ತ ಓದುತ್ತಿದ್ದರು. ಕಣ್ಣು ಹೋದ ಮೇಲೆ ಓದುವ ಕೆಲಸ ಸಹಜವಾಗಿ ಕಾಕಾನ ಹೆಂಡತಿಯ ಪಾಲಿಗೆ ಬಂತು. ನಾವು ಅವರನ್ನು ಕಾಕು ಎನ್ನುತ್ತೇವೆ, ಹೆಸರು ನೀಲಾ. ಕಾಕುವಿನ ಪ್ರೀತಿಯಲ್ಲಿ ಕೊರತೆಯಿಲ್ಲ, ದನಿಯಲ್ಲಂತೂ ಇಲ್ಲವೇ ಇಲ್ಲ. ಪಡಸಾಲೆಯಲ್ಲಿ ನಿಂತು ಅವರು ಓದುತ್ತಿದ್ದ ರೀತಿ ಹೀಗೆ:

“ಕೇಳ್ರಿ ಅಕ್ಕಾರ, ನಿಮ್ಮ ಸುಮನ್‌ಬಾಯಿದು ಬಂತು. ‘ಎರಡು ದಿನದಿಂದ ಸೊಂಟ ಹಿಡಿದಿದೆ...’ ಅಯ್ಯ, ಎದ್ದು ನಾಕ ಹೆಜ್ಜಿ ಅಡ್ಡಾಡಂತ ಹೇಳ್ರಿ ಅಕಿಗೆ, ಎಲ್ಲಾ ಹೋಗ್ತದ!”

ಪತ್ರಿಕೆಯ ಹಿಂದಿನಿಂದ ಕಾಕಾ: “ಅಳ್ಯಾನ ಸುದ್ದಿ ಏನರ ಬರದಾಳೇನ ನೋಡು. ಮುಂದ ಓದು, ಮುಂದ ಓದು.”

ತನ್ನ ಪತ್ರ ಇಡೀ ಮನೆಯನ್ನು ದಾಟಿ ಗೆಳತಿಯ ಕಿವಿಗೆ ಹೋಗುತ್ತದೆ ಎಂದು ಸುಮನ್‌ಬಾಯಿಗೆ ತಿಳಿಯಿತು. ಗುಟ್ಟು ಮಾಡದೆ ಅತ್ತೆಯೇ ಹೇಳಿ ಬರೆಸಿದ್ದರು. ಅಲ್ಲಿಂದ ಪತ್ರಗಳು ಗಿಡ್ಡವಾದವು. ‘ನಾವೆಲ್ಲ ಕ್ಷೇಮ. ಹವೆ ಚೆನ್ನಾಗಿದೆ. ಮನೆಯವರಿಗೆಲ್ಲ ನಮಸ್ಕಾರ.’ ಗೋಡೆಗೆ ತೂಗುಹಾಕಬಹುದಾದಂಥ ವಾಕ್ಯಗಳು. ಒಂದು ಭಾನುವಾರ ನಾನು ಪಕ್ಕದಲ್ಲಿದ್ದಾಗ ಅತ್ತೆ ಮೆಲ್ಲಗೆ ಹೇಳಿದರು: “ಅಕಿ ಈಗ ನನಗ ಬರಿಯೂದಿಲ್ಲವಾ. ನಿಮ್ಮ ಕಾಕೂಗ ಬರೀತಾಳ.”

ಈ ಮಾತು ನನಗೆ ತಟ್ಟಿದಷ್ಟು ಬೇರೆಯವರಿಗೆ ತಟ್ಟಲಾರದೇನೋ. ಬಸ್ಸಿನಲ್ಲಿ ಪಕ್ಕದವರು ನನ್ನ ಪುಸ್ತಕದೊಳಗೆ ಇಣುಕಿದರೆ ಪುಟ ಮುಚ್ಚಿ ಕಿಟಕಿ ನೋಡುವವಳು ನಾನು. ಓದು ಎಂದರೆ ಕದ ಹಾಕಿಕೊಂಡ ಕೋಣೆ ಎಂದೇ ತಿಳಿದವಳು. ನನ್ನ ಕೆಲಸವೂ ಅಂಥದ್ದೇ, ಬೆಳಗಾವಿಯ ಕಾಲೇಜೊಂದರ ಗ್ರಂಥಾಲಯದಲ್ಲಿ. ಅಲ್ಲಿ ಬಿಡುವು ಸಿಕ್ಕಾಗ, ಕೆಲವರು ಅಂಚೆಚೀಟಿ ಕೂಡಿಡುವಂತೆ, ನಾನು ಉಚಿತ ತಂತ್ರಾಂಶಗಳನ್ನೂ ಜಾಲತಾಣಗಳನ್ನೂ ಕೂಡಿಡುತ್ತೇನೆ. ಯಾವ ಕಾಲದ ವಿಡಿಯೋ ಕೊಟ್ಟರೂ ಗೊಣಗದೆ ತೋರಿಸುವುದು ಒಂದು. ಫೋಟೋ ಹಿಡಿದ ಪುಟದಿಂದ ಅಕ್ಷರಗಳನ್ನು ಎತ್ತಿ ಕೊಡುವುದು ಇನ್ನೊಂದು. ಇಂದು ಸಂಜೆ ಸದಾಶಿವನಗರದ ನಮ್ಮ ತಾರಸಿಯ ಮೇಲೆ ಯಾವ ಗ್ರಹ ಎಲ್ಲಿ ಮೂಡುತ್ತದೆಂದು ಹೇಳುವ ಒಂದು ತಾಣವಂತೂ ನನಗೆ ತುಂಬ ಪ್ರಿಯ, ಮೋಡದಿಂದಾಗಿ ನಮ್ಮೂರಲ್ಲಿ ಅದನ್ನು ಪರೀಕ್ಷಿಸುವ ಅವಕಾಶ ಕಡಿಮೆಯಾದರೂ.

ಹೀಗೆ ಕೂಡಿಡುತ್ತ ಕೂಡಿಡುತ್ತ ಉಚಿತದಲ್ಲಿಯೂ ಜಾತಿಗಳಿವೆ ಎಂದು ತಿಳಿಯಿತು. ಕೆಲವು ಮೊದಲು ಫೋನ್ ನಂಬರು ಕೇಳುತ್ತವೆ, ಆಮೇಲೆ ಹುಟ್ಟಿದ ದಿನ, ಆಮೇಲೆ ನಿಮಗೇ ಗೊತ್ತಾಗದಂತೆ ಇನ್ನೇನೋ. ಬೇರೆ ಕೆಲವು, ಬೇಸಿಗೆಯಲ್ಲಿ ಖಾನಾಪುರದ ರಸ್ತೆಯ ಮರದಡಿ ಯಾರೋ ಇಟ್ಟು ಹೋಗುವ ನೀರಿನ ಹರವಿಯಂತೆ. ಇಟ್ಟವರು ಅಲ್ಲಿ ನಿಂತಿರುವುದಿಲ್ಲ, ಕುಡಿದವರ ಹೆಸರು ಬರೆದುಕೊಳ್ಳುವುದಿಲ್ಲ. ನಾನು ಅತ್ತೆಗಾಗಿ ಹುಡುಕಿದ್ದು ಇಂಥ ಹರವಿಯನ್ನು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ, ಕನ್ನಡವನ್ನೂ ಓದುತ್ತದೆ. ಕಣ್ಣು ಕಾಣದವರೇ ತಮ್ಮಂಥವರಿಗಾಗಿ ಕಟ್ಟಲು ಶುರುಮಾಡಿದ್ದಂತೆ. ನನ್ನಿಂದ ಅದು ಏನನ್ನೂ ಕೇಳಲಿಲ್ಲ.

ಲ್ಯಾಪ್‌ಟಾಪಿಗೆ ಅದನ್ನು ಹಾಕಿ ಮೊದಲ ಸಲ ಓದಿಸಿದಾಗ ಮನೆಮಂದಿಯೆಲ್ಲ ಸೇರಿದ್ದರು. ಮೂಗಿನಲ್ಲಿ ಹೊರಟು ತಂತಿಯ ಮೇಲೆ ಜಾರುವ ಗಂಡುದನಿ, ಏರಿಲ್ಲ, ಇಳಿತವಿಲ್ಲ, ಒತ್ತಕ್ಷರ ಬಂದಾಗ ಮಾತ್ರ ಎಡವಿದಂತೆ ಒಂದು ಕುಲುಕು.

“ತಗಡಿನ ಡಬ್ಬ್ಯಾಗ ಕುಂತು ಮಾತಾಡಿದಂಗ ಆಗ್ತದಲ್ರಿ!” ಎಂದು ಕಾಕು ನಕ್ಕರು. ಅಂದಿನಿಂದ ಅದಕ್ಕೆ ‘ತಗಡಿನ ಮಾಸ್ತರ’ ಎಂಬ ಹೆಸರು ನಿಂತಿತು.

ನನಗೆ ನಾಚಿಕೆಯಾಯಿತು. ಇಂಥ ಒರಟು ದನಿಯನ್ನು ಅತ್ತೆಯ ಕಿವಿಗೆ ಕಟ್ಟುವುದೇ? ಮತ್ತೆ ಹುಡುಕಿ, ಕನ್ನಡವನ್ನು ಮನುಷ್ಯರಂತೆಯೇ ಓದುವ ಒಂದು ಜಾಲತಾಣ ಹಿಡಿದೆ. ಹೆಣ್ಣುದನಿ, ಆಕಾಶವಾಣಿಯ ಮಟ್ಟದ್ದು. ಅಲ್ಪವಿರಾಮಕ್ಕೆ ಉಸಿರೂ ತೆಗೆದುಕೊಳ್ಳುತ್ತಿತ್ತು. ಮುಂದಿನ ಭಾನುವಾರ ಹಳೆಯ ಪಾಠವೊಂದನ್ನು ಅದರಿಂದ ಓದಿಸಿ, ಮೆಚ್ಚುಗೆಗೆ ಕಾದು ಕುಳಿತೆ.

“ಛಂದ ಓದತಾಳ,” ಎಂದರು ಅತ್ತೆ. “ಯಾರ ಮನ್ಯಾಕಿ?”

“ಯಾರೂ ಅಲ್ರಿ ಅತ್ತಿ. ಇದೂ ಮಶೀನಽ.”

“ಹಂಗಾರ ಬ್ಯಾಡ. ಇಕಿ ತಿಳಕೊಂಡು ಓದಿದಂಗ ಅನಸ್ತದ. ಅಳೂ ಮಾತಿಗೆ ಅಳೂ ದನಿ ತಗೀತಾಳ. ಆ ಮಾಸ್ತರಗ ಏನೂ ತಿಳಿಯೂದಿಲ್ಲ. ನನಗ ಅಂವನಽ ಇರಲಿ.”

ಹಿಂತಿರುಗುವ ಬಸ್ಸಿನಲ್ಲಿ ಈ ಮಾತನ್ನೇ ತಿರುವಿ ತಿರುವಿ ನೋಡಿದೆ. ಕಣ್ಣಿನಿಂದ ಓದುವ ನಮಗೆ ಅಕ್ಷರ ಎಂದಾದರೂ ದನಿ ಮಾಡಿದೆಯೇ? ‘ಸತ್ತರು’ ಎಂಬ ಪದವೂ ‘ಹುಟ್ಟಿದರು’ ಎಂಬ ಪದವೂ ಅದೇ ಕಪ್ಪು ಮಸಿ, ಅದೇ ಗಾತ್ರ. ಅಳುವ ದನಿಯನ್ನು ನಾವು ಒಳಗೆ ನಾವೇ ಹಚ್ಚಿಕೊಳ್ಳುತ್ತೇವೆ, ನಮ್ಮ ಗೆಳತಿಯ ಅಳುವನ್ನು ನಾವು ಬಲ್ಲ ಹಾಗೆ. ಇಂಪಾದ ದನಿ ಎಷ್ಟೇ ಇಂಪಾಗಿರಲಿ, ನಡುವೆ ಕುಳಿತ ಮೂರನೆಯವಳು. ತಗಡಿನ ಮಾಸ್ತರ ಮಸಿಯ ಹಾಗೆ: ತಲುಪಿಸುತ್ತಾನೆ, ತಾನು ಒಳಗೆ ಬರುವುದಿಲ್ಲ. ನಾನು ಕೊರತೆ ಎಂದುಕೊಂಡದ್ದೇ ಅತ್ತೆಗೆ ಬೇಕಾಗಿದ್ದ ಗುಣ.

ಆದರೆ ಮಾಸ್ತರರು ಸುಮನ್‌ಬಾಯಿಯ ಪತ್ರದ ಮುಂದೆಯೇ ಸೋತರು. ಆ ಪತ್ರಗಳು ಬರುತ್ತಿದ್ದದ್ದು ಅವರು ಶಾಲೆಯಲ್ಲಿ ಕಲಿತ ಹಳೆಯ ಟೈಪಿಂಗ್ ತಂತ್ರಾಂಶದಲ್ಲಿ. ಆ ಬಗೆಯ ಬರಹ ಕಣ್ಣಿಗೆ ಮಾತ್ರ ಕನ್ನಡ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಕನ್ನಡದ ವೇಷ ತೊಟ್ಟ ಇಂಗ್ಲಿಷ್ ಅಕ್ಷರಗಳ ಹಿಂಡು. ವೇಷ ಕಾಣದ ಮಾಸ್ತರ ಹಿಂಡನ್ನೇ ಎಣಿಸತೊಡಗಿದ. ಎ, ಡಬ್ಲ್ಯೂ, ಬ್ರಾಕೆಟ್, ಪ್ರಶ್ನೆ ಚಿಹ್ನೆ, ಮತ್ತೆ ಎ.

“ಏನ್ರಿ ಅಕ್ಕಾರ,” ಒಳಗಿನಿಂದ ಕಾಕು ಕೂಗಿದರು, “ಸುಮನ್‌ಬಾಯಿಗೆ ಮೈಯಾಗ ದೇವರು ಬಂದಾವೇನ್ರಿ?”

ನನಗೆ ನಗು ಬಂತು. ಅತ್ತೆ ನಗಲಿಲ್ಲ. ಕೀಲಿಮಣೆಯ ಮೇಲಿದ್ದ ಕೈಗಳನ್ನು ತೊಡೆಯ ಮೇಲೆ ಇಳಿಸಿಕೊಂಡು, “ಇರಲಿ ಬಿಡವಾ. ನೀಲಾನಽ ಓದತಾಳ,” ಎಂದರು. ಆ ‘ಇರಲಿ ಬಿಡು’ ಎಂಬ ಮಾತನ್ನು ನಾನು ಊರಿಗೆ ಹೊತ್ತು ತಂದೆ.

ಈ ವೇಷ ಕಳಚಿಸುವ ಜಾಲಪುಟಗಳೂ ಇವೆ. ಎಡಗಡೆಯ ಚೌಕದಲ್ಲಿ ಹಳೆಯ ಬರಹ ಹಾಕಿ ಗುಂಡಿ ಒತ್ತಿದರೆ, ಈಗಿನ ಕಂಪ್ಯೂಟರುಗಳೆಲ್ಲ ಒಪ್ಪುವ ಕನ್ನಡವಾಗಿ ಬಲಗಡೆ ಬರುತ್ತದೆ. ಒಂದು ಸಿಕ್ಕಿತು. ಯಾರು ಮಾಡಿಟ್ಟದ್ದೋ, ಜಾಹೀರಾತಿಲ್ಲ, ಹೆಸರು ಕೊಡಿ ಎಂಬ ಪೀಡೆಯಿಲ್ಲ. ಆದರೂ ಒಂದು ಅನುಮಾನ ಕೊರೆಯಿತು: ಕಾಕುವಿನ ಬಾಯಿಂದ ತಪ್ಪಿಸಿದ ಪತ್ರವನ್ನು ನಾನೀಗ ಗುರುತಿಲ್ಲದ ಇನ್ನಾರದೋ ಕೈಗೆ ಕಳಿಸುತ್ತಿದ್ದೇನೆಯೇ? ಪುಟವನ್ನು ತೆರೆದಿಟ್ಟುಕೊಂಡೇ ಇಂಟರ್ನೆಟ್ ತೆಗೆದುಹಾಕಿದೆ. ಒಂದು ಪ್ಯಾರಾ ಹಾಕಿ ಗುಂಡಿ ಒತ್ತಿದೆ. ಬಲಗಡೆ ಕನ್ನಡ ಬಂತು! ಅಂದರೆ ಕೆಲಸ ನಡೆಯುತ್ತಿದ್ದದ್ದು ನನ್ನ ಕಂಪ್ಯೂಟರಿನೊಳಗೇ. ಅಕ್ಷರಗಳು ಹೊಸ್ತಿಲು ದಾಟಿರಲಿಲ್ಲ. ಇಷ್ಟು ಸಣ್ಣ ಪರೀಕ್ಷೆಗೆ ನಾನು ಪಟ್ಟ ಸಂತೋಷ ನಿಮಗೆ ವಿಚಿತ್ರವೆನಿಸಬಹುದು. ಹರವಿಯ ನೀರನ್ನು ಮೂಸಿ ನೋಡಿ ಕುಡಿದವಳ ಸಂತೋಷ ಅದು.

ಅತ್ತೆಗೆ ಕಲಿಸಲು ಪತ್ರವನ್ನು ಬಳಸಲಿಲ್ಲ. ಅವರದೇ ಹಳೆಯ ಪ್ರಶ್ನೆಪತ್ರಿಕೆ ಲ್ಯಾಪ್‌ಟಾಪಿನಲ್ಲಿತ್ತು. ಪೂರ್ತಿ ಆರಿಸು, ನಕಲು ಮಾಡು, ಚೌಕದಲ್ಲಿ ಹಾಕು, ಗುಂಡಿ ಒತ್ತು, ಬಾಣದ ಕೀಲಿಯಿಂದ ಇಳಿಯುತ್ತ ಓದಿಸು. ಕೀಲಿಮಣೆಯ ಎರಡು ಕೀಲಿಗಳ ಮೇಲೆ ಬೆರಳಿಗೆ ತಾಗುವ ಸಣ್ಣ ಗೆರೆಗಳಿವೆಯೆಂದು ನನಗೂ ಅಂದೇ ತಿಳಿದದ್ದು. ಅತ್ತೆಯ ಬೆರಳು ಅವನ್ನು ನನಗಿಂತ ಮೊದಲು ಕಂಡಿತು. ತಗಡಿನ ಮಾಸ್ತರ ಘನಗಂಭೀರವಾಗಿ ‘ಮಲಪ್ರಭೆಯ ಉಗಮಸ್ಥಾನ ಯಾವುದು’ ಎಂದು ಕೇಳಿದಾಗ, ಅತ್ತೆ ಥಟ್ಟನೆ, ತರಗತಿಯಲ್ಲಿ ಎದ್ದು ನಿಂತ ಹುಡುಗನನ್ನು ಕೂರಿಸುವಂತೆ, “ಕಣಕುಂಬಿ, ಕುಂದರು” ಎಂದರು. ನಕ್ಕದ್ದು ನಾವಿಬ್ಬರೂ.

ಆಮೇಲೆ ನನ್ನ ಇಯರ್‌ಫೋನನ್ನು ಅವರ ಕೈಗಿಟ್ಟು ಹಿತ್ತಲಿಗೆ ಹೋದೆ. ಅಲ್ಲಿ ಮಾಡುವುದಕ್ಕೆ ಏನೂ ಇರಲಿಲ್ಲ. ಒಣಗಿದ ಬಟ್ಟೆಗಳನ್ನು ತೆಗೆದು ಮಡಚಿದೆ, ಒಣಗದವನ್ನೂ. ಬಹಳ ಹೊತ್ತಿನ ನಂತರ ಒಳಗೆ ಬಂದಾಗ ಅತ್ತೆ ತಂತಿಯನ್ನು ಮಡಚುತ್ತ ಕುಳಿತಿದ್ದರು.

“ಉತ್ತರಾನೂ ನಾನಽ ಬರದೆ,” ಎಂದರು. “ಇನ್ನ ಮ್ಯಾಲೆ ನಿಂದು ನಾನಽ ಓದತೇನಿ ಅಂತ. ಇನ್ನೊಂದ ಸಾಲೂ ಬರದೇನಿ. ಅದನ್ನ ನಿನಗ ಹೇಳೂದಿಲ್ಲ.”

ಕಾಕುವಿಗೆ ಸ್ವಲ್ಪ ನೋವಾಯಿತು. ಚಹಾದ ಕಪ್ಪು ಇಡುತ್ತ, “ನಾ ಓದಿದ್ರ ಏನ್ ಕಡಿಮಿ ಆಗ್ತಿತ್ರಿ ಅಕ್ಕಾರ?” ಎಂದರು.

“ಕಡಿಮಿ ಎಲ್ಲಿ ನೀಲಾ, ಜಾಸ್ತಿ ಆಗ್ತಿತ್ತು.”

ಕಾಕು ಮೊದಲು ನಕ್ಕರು, ಆಮೇಲೆ ನಾವು. ನೋವಿಗೆ ಅಷ್ಟೇ ಸಾಕಾಯಿತು.

ಸುಮನ್‌ಬಾಯಿಯ ಪತ್ರಗಳು ಮತ್ತೆ ಉದ್ದವಾದವು ಎಂದು ನನಗೆ ಹೇಳಿದವರು ಅತ್ತೆಯಲ್ಲ, ಕಾಕು. “ತಾಸಗಟ್ಟಲೆ ಕಿವ್ಯಾಗ ಹಾಕ್ಕೊಂಡು ಕುಂದರ್ತಾರ. ಹಾಲ ಉಕ್ಕಿದ್ರೂ ಕೇಳಿಸೂದಿಲ್ಲ, ನಾ ಕರದ್ರೂ ಕೇಳಿಸೂದಿಲ್ಲ.” ದೂರಿನಲ್ಲಿ ನಿಜವಿತ್ತು. ಕಣ್ಣು ಮಬ್ಬಾದವರು ಎರಡೂ ಕಿವಿ ಮುಚ್ಚಿಕೊಂಡರೆ ಮನೆಯೇ ಇಲ್ಲವಾಗುತ್ತದೆ. ಕದ ಹಾಕಿಕೊಂಡ ಕೋಣೆಯ ಬೆಲೆ ಅಷ್ಟಿರುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಕೋಣೆಯೊಳಗೇ ಇರುವುದು ನನಗೆ ಅಷ್ಟೊಂದು ರೂಢಿ.

ದೀಪಾವಳಿ ಕಳೆದ ಮೇಲೆ ಹೋದಾಗ, ಅಂಗಳದಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ಒಳಗಿನಿಂದ ಒಂದು ಸದ್ದು ಕೇಳಿತು. ತಗಡಿನ ಮಾಡಿನ ಮೇಲೆ ಆಲಿಕಲ್ಲು ಸುರಿದಂತೆ. ಬಿಸಿ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ. ಪಡಸಾಲೆಯ ನಟ್ಟನಡುವೆ ಅತ್ತೆ, ಮುಂದೆ ಲ್ಯಾಪ್‌ಟಾಪು, ಕಿವಿಗಳು ಬರಿದು. ಒಂದು ಪಕ್ಕದಲ್ಲಿ ಕಾಕಾನ ಪತ್ರಿಕೆ, ಇನ್ನೊಂದು ಪಕ್ಕದಲ್ಲಿ ಕಾಕುವಿನ ಮೆಂತ್ಯದ ಸೊಪ್ಪು. ಸದ್ದು ಎಲ್ಲರ ನಡುವೆ ರಾಜಾರೋಷವಾಗಿ ಸುರಿಯುತ್ತಿತ್ತು.

“ಕೆಟ್ಟದೇನ್ರಿ ಅತ್ತಿ?” ಎಂದೆ.

“ಕೆಟ್ಟಿಲ್ಲ. ಮೊದಲ ಅಂವ ಘಾಟ ಏರೂ ಎತ್ತಿನಂಗ ಓದತಿದ್ದ. ದಿನಾ ಒಂದ ಚೂರ ಜೋರ ಮಾಡಕೋತ ಬಂದೆ. ಈಗ ಇದಽ ಸರಿ ಅನಸ್ತದ.”

ಓದುವ ವೇಗ ಹೆಚ್ಚಿಸುವ ಕೀಲಿಯನ್ನು ತೋರಿಸಿದವಳು ನಾನೇ. ಆದರೆ ಅತ್ತೆಯ ಕಿವಿ ಇಷ್ಟು ದೂರ ಹೋಗುತ್ತದೆಂದು ಎಣಿಸಿರಲಿಲ್ಲ. ನಾನೂ ಮೈಯೆಲ್ಲ ಕಿವಿಯಾಗಿ ನಿಂತೆ. ಒಂದು ಪದವನ್ನಾದರೂ ಹಿಡಿಯಬೇಕೆಂಬ ಹಟ, ಬರೀ ಕುತೂಹಲ, ಪತ್ರದ ಬಗ್ಗೆಯಲ್ಲ, ಸದ್ದಿನ ಬಗ್ಗೆ. ಒಂದೂ ಕೈಗೆ ಸಿಗಲಿಲ್ಲ. ಸುಮನ್‌ಬಾಯಿ ತಮ್ಮ ಮನದ ಮಾತನ್ನೆಲ್ಲ ಆ ಪಡಸಾಲೆಯ ನಡುವೆ ಎಲ್ಲರೆದುರು ಹೇಳುತ್ತಿದ್ದರು, ಅದು ಒಬ್ಬರಿಗೆ ಮಾತ್ರ ತಲುಪುತ್ತಿತ್ತು. ಈಗ ಕಾಕು ಕರೆದರೆ ಅತ್ತೆಗೆ ಕೇಳುತ್ತದೆ, ಹಾಲು ಉಕ್ಕಿದರೂ ಕೇಳುತ್ತದೆ. ಮನೆಯನ್ನು ಹೊರಗಿಡದೆಯೂ ಒಬ್ಬರೇ ಇರಬಹುದು ಎಂಬುದನ್ನು ನನಗೆ ಯಾರೂ ಕಲಿಸಿರಲಿಲ್ಲ.

“ದಿನಾ ಇದಽ ಕತಿ,” ಎಂದರು ಕಾಕು ಸೊಪ್ಪು ಸೋಸುತ್ತ. “ಒಬ್ಬರಽ ನಗತಾರ. ಯಾಕ್ರಿ ಅಂದ್ರ ಹೇಳೂದಿಲ್ಲ.”

ಹೇಳಿ ಮುಗಿಸುವುದರೊಳಗೆ ಅತ್ತೆ ಮತ್ತೆ ನಕ್ಕರು, ಹಿಂದೆ ಒಬ್ಬರೇ ಓದುವಾಗ ನಗುತ್ತಿದ್ದ ಹಾಗೆಯೇ, ತುಟಿಯಂಚಿನಲ್ಲಿ. ಕಾಕು ನನ್ನ ಮುಖ ನೋಡಿದರು. ನಾನು ಯಾಕೆಂದು ಕೇಳಲಿಲ್ಲ.

ಪತ್ರ ಮುಗಿದ ಮೇಲೆ ಅತ್ತೆ ಇಯರ್‌ಫೋನನ್ನು ನನ್ನ ಕೈಗೆ ಕೊಟ್ಟರು, ಕೆಂಪು ದಾರದ ಸಮೇತ. “ತಗೋ, ನಿಂದು ನಿನಗ. ಬಸ್ಸಿನ್ಯಾಗ ಬೇಕಾಗ್ತದ.” ಹಾಗಾದರೆ ಆ ಡಬ್ಬಿ? ಸೆರಗಿನ ಮರೆಯಿಂದ ಅದನ್ನು ತೆಗೆದು ನನ್ನ ಅಂಗೈಗೆ ಎರಡು ಲವಂಗ ಸುರಿದರು. ಕಿವಿಯ ಬಾಡಿಗೆದಾರ ಬಿಟ್ಟುಹೋದ ಮನೆಗೆ ಹೊಸಬರು ಬಂದಿದ್ದರು. ಮುಚ್ಚಿದಾಗ ಅದು ಟಪ್ ಎಂದಿತು. ಆ ಮನೆಯಲ್ಲಿ ಆ ಮಧ್ಯಾಹ್ನ ಲ್ಯಾಪ್‌ಟಾಪು ಮಾಡಿದ ಸದ್ದೆಲ್ಲ ನನ್ನನ್ನು ದಾಟಿಹೋಗಿತ್ತು. ಡಬ್ಬಿಯ ಈ ಒಂದು ಸದ್ದು ಮಾತ್ರ ನನಗೆ ಪೂರ್ತಿ ಅರ್ಥವಾಯಿತು.