ಇಂಟರ್‌ವ್ಯೂಗೆ ಹೊರಟ ಕಮಲಾ, ಬೆಲ್ಲ ತಿಂದ ಬಸ್ಸು

ಹೋದ ಸೋಮವಾರ ನಮ್ಮ ಬಸ್ಸನ್ನು ಹೆಂಗಸರು ಅಡ್ಡಗಟ್ಟಿದರು.

ಸುಳ್ಳಲ್ಲರೀ! ಹಾನಗಲ್ಲಿನಿಂದ ಹುಬ್ಬಳ್ಳಿಗೆ ಹೋಗುವ ಬೆಳಗಿನ ಕೆಂಪು ಬಸ್ಸು. ತಡಸ ಇನ್ನೂ ದೂರವಿತ್ತು. ಶಾಲೆಗೆ ಬೇಸಿಗೆ ರಜೆ, ಹೀಗಾಗಿ ಈ ಟೀಚರಮ್ಮ (ನಾನೇ!) ಕಿಟಕಿಗೆ ತಲೆ ಆನಿಸಿ ಆರಾಮಾಗಿ ತೂಕಡಿಸುತ್ತಿದ್ದಳು. ತೊಡೆಯ ಮೇಲೆ ರಿಪೇರಿಗೆ ಒಯ್ಯುತ್ತಿದ್ದ ಪ್ರೆಶರ್ ಕುಕ್ಕರ್. (ಇತ್ತೀಚೆಗೆ ಅದು ಸೀಟಿ ಹೊಡೆಯುವುದನ್ನು ಬಿಟ್ಟು ಬರೀ ಬುಸುಗುಡುತ್ತದೆ. ಥೇಟ್ ನಮ್ಮ ಯಜಮಾನರು.) ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದ. ಕುಕ್ಕರ್ ಹೋಗಿ ಮುಂದಿನ ಸೀಟಿನವರ ಬೆನ್ನಿಗೆ ಬಡಿಯಿತು.

ಕಣ್ಣು ಬಿಟ್ಟು ನೋಡಿದರೆ ರಸ್ತೆ ತುಂಬ ಲಂಬಾಣಿ ತಾಂಡಾದ ಹೆಂಗಸರು. ಕನ್ನಡಿ ಹಚ್ಚಿದ ಲಂಗ, ಕೈತುಂಬ ಬಳೆ. ಎಲ್ಲರೂ ಕೈ ಎತ್ತಿ ಕೂಗುತ್ತಿದ್ದಾರೆ. ಏನಾಯಿತು? ಅಪಘಾತವೇ? ಹೊಡೆದಾಟವೇ? ಕುಡಿಯುವ ನೀರಿಗಾಗಿ ರಸ್ತಾ ರೋಕೋ?

"ಇಲ್ಲಿ ಸ್ಟಾಪ್ ಇಲ್ಲಬೇ, ಹಾದಿ ಬಿಡ್ರಿ" ಎಂದು ಕಂಡಕ್ಟರ್ ಬಸಣ್ಣ ಬಾಗಿಲಲ್ಲಿ ನಿಂತು ಗದರಿಸಿದ. ಯಾರು ಕೇಳುತ್ತಾರೆ? ಒಬ್ಬ ಹುಡುಗಿಯನ್ನು ಅವನ ಪಕ್ಕದಿಂದಲೇ ಒಳಗೆ ನೂಕಿದರು. ನೀಲಿ ಸೀರೆ, ಬಗಲಲ್ಲಿ ಫೈಲು, ಸೆರಗಿನ ತುಂಬ ಏನೋ ಗಂಟು. ಬಸ್ಸು ಹೊರಟರೂ ಹೆಂಗಸರು ಅದರ ಹಿಂದೆ ಓಡುತ್ತ ಏನೇನೋ ಹರಸಿದರು.

ಹುಡುಗಿ ಬಂದು ನನ್ನ ಪಕ್ಕ ಕುಳಿತಳು.

"ಎಲ್ಲಿಗೆ?" ಅಂದ ಬಸಣ್ಣ.

ಅವಳ ಎರಡೂ ಗಲ್ಲ ಉಬ್ಬಿದ್ದವು.

"ಅಲ್ಲ, ಬಸ್ಸು ನಿಲ್ಲಸೂದು ಗೊತ್ತೈತಿ, ಊರ ಹೆಸರು ಹೇಳೂದು ಗೊತ್ತಿಲ್ಲೇನು?"

ಅವಳು ಕೈಸನ್ನೆ ಮಾಡಿ, ಕಷ್ಟಪಟ್ಟು ನುಂಗಿ, ಕೊನೆಗೂ ಬಾಯಿ ತೆರೆದಳು. "ಹುಬ್ಬಳ್ಳಿ ರೀ. ತಪ್ಪ ತಿಳೀಬ್ಯಾಡ್ರಿ, ಬಾಯಾಗ ಬೆಲ್ಲ ಇತ್ತು."

ಇಂಥ ಮಾತು ಕೇಳಿದ ಮೇಲೆ ನನ್ನಂಥವಳು ಸುಮ್ಮನಿರುತ್ತಾಳೆಯೇ? ನಿದ್ದೆ ಹಾರಿಹೋಯಿತು. ಕೆದಕಿ ಕೆದಕಿ ಕೇಳಿದೆ.

ಹೆಸರು ಕಮಲಾ ಲಮಾಣಿ. ಹಂಸಭಾವಿಯ ಬಂಧುಗಳ ಮನೆಯಲ್ಲಿದ್ದು ಕಾಲೇಜು ಮುಗಿಸಿ, ಆಮೇಲೆ ಮನೋವಿಜ್ಞಾನದಲ್ಲಿ ಎಂ.ಎ., ಅದರ ಮೇಲೆ ಸಂಶೋಧನೆ. ಅಂದು ಹನ್ನೊಂದು ಗಂಟೆಗೆ ವಿಶ್ವವಿದ್ಯಾಲಯದಲ್ಲಿ ಇಂಟರ್‌ವ್ಯೂ. (ಯಾವ ವಿಶ್ವವಿದ್ಯಾಲಯ ಎಂದು ಬರೆಯುವುದಿಲ್ಲ. ನಾಳೆ ನನ್ನ ಮಗನ ಅಡ್ಮಿಷನ್ ಆಗಬೇಕು.) ಮಾನಸಿಕ ಆರೋಗ್ಯ ಕಲಿಸುವ ಲೆಕ್ಚರರ್ ಹುದ್ದೆ.

"ನಮ್ಮಂಥವರಿಗಂತ ಮೀಸಲ ಇಟ್ಟದ್ದು ರೀ. ಹೋದ ಸಲ ಲಾಯಕ್ಕಾದವರು ಯಾರೂ ಸಿಗಲಿಲ್ಲ ಅಂತ ಖಾಲಿ ಬಿಟ್ರಂತ. ಈ ಸಲಾನೂ ಸಿಗಲಿಲ್ಲ ಅಂದ್ರ ಆ ಹುದ್ದೆನ ತಗದ ಹಾಕ್ತಾರಂತ್ರೀ."

"ಮತ್ತ ಇಷ್ಟ ತಡಾ ಮಾಡಿ ಹೊಂಟೀಯಲ್ಲವಾ? ಮೊದಲನೇ ಬಸ್ಸಿಗೆ ಹೋಗಬೇಕಿತ್ತು!"

"ಅದಕ್ಕ ಹೊಂಟಿದ್ದೆ ರೀ. ಇಂಥಾ ಕೆಲಸಕ್ಕ ಹೊಂಟಾಕಿ ನಮ್ಮ ತಾಂಡಾದಾಗ ನಾನ ಮೊದಲನೇದಾಕಿ. ಬಾಯಿ ಸಿಹಿ ಮಾಡದ ಕಳಸಬಾರದು ಅಂದ್ಲು ನಮ್ಮ ಯಾಡಿ, ನಮ್ಮವ್ವ ರೀ. ಅಷ್ಟರಾಗ ತಾಂಡಾದ ಹಿರ್ಯಾ, ನಾಯಕ ಬಂದ್ರು. ಒಂದ ಮನ್ಯಾಗ ತಿಂದು ಇನ್ನೊಂದ ಮನಿ ಬಿಟ್ರ ಅವರಿಗೆ ಬ್ಯಾಸರಾಗತೈತಿ, ಎಲ್ಲಾರ ಮನೀಗೂ ಹೋಗಿ ಬಾ ಅಂದ್ರು. ಒಬ್ಬರು ಬೆಲ್ಲ, ಒಬ್ಬರು ಸಕ್ರಿ, ಒಬ್ಬರು ಕೊಬ್ರಿ. ಕಡೀ ಮನ್ಯಾಗ ಇದ್ದೆ ರೀ, ಬಸ್ಸು ಹೋದ ಸಪ್ಪಳ ಕೇಳಿಸ್ತು."

ನನಗೆ ನಗು ಬಂತು, ಹಿಂದೆಯೇ ಗಡಿಯಾರ ನೋಡಿಕೊಂಡೆ. ಇಡೀ ತಾಂಡಾ ಪ್ರೀತಿಯಿಂದ ಸೇರಿಕೊಂಡು ತನ್ನ ಮಗಳ ಬಸ್ಸು ತಪ್ಪಿಸಿತ್ತು! ನಮ್ಮ ಮನೆತನದಲ್ಲಿ ಅಜ್ಜ ವೇದಾಂತ ಓದಿದರು, ಅಪ್ಪ ಕಾಯಿದೆ ಓದಿದರು, ಓದು ನಮಗೆ ಸುದ್ದಿಯೇ ಅಲ್ಲ. ನಾನು ಮೊದಲ ಇಂಟರ್‌ವ್ಯೂಗೆ ಹೊರಟ ದಿನ ಅಪ್ಪ ಪೇಪರಿನಿಂದ ತಲೆಯನ್ನೂ ಎತ್ತಿರಲಿಲ್ಲ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ ಆಯಿತು ನನಗೆ.

ಕಮಲಾ ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ಇನ್ನೂ ಒಂದು ರಾಶಿ ಬೆಲ್ಲ, ಕೊಬ್ಬರಿ. ನನಗೆ ಕೊಟ್ಟಳು. ಹಿಂದಿನ ಸೀಟಿನವರಿಗೆ ಕೊಟ್ಟಳು. ಬಸಣ್ಣನಿಗೂ ಕೊಟ್ಟಳು. ಬೆಲ್ಲದ ಜೊತೆಗೆ ಸುದ್ದಿಯೂ ಸೀಟಿನಿಂದ ಸೀಟಿಗೆ ಹೋಯಿತು.

"ಮನೋವಿಜ್ಞಾನ ಅಂದ್ರ ಧಾರವಾಡಕ್ಕ ಕಳಸೂ ಮಂದಿ ಕೇಸು ಹೌದಲ್ರೀ?" ಅಂದ ಬಸಣ್ಣ, ಬೆಲ್ಲ ಚೀಪುತ್ತ. (ನಮ್ಮ ಕಡೆ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ ಸಾಕು, 'ಇವನ್ನ ಧಾರವಾಡಕ್ಕ ಕಳಿಸ್ರಿ' ಅಂತಲೇ ಬೈಯುವುದು. ಅಲ್ಲಿಯ ದೊಡ್ಡ ಮಾನಸಿಕ ಆಸ್ಪತ್ರೆಯ ಹೆಸರಿನಲ್ಲಿ.)

"ಅಷ್ಟ ಅಲ್ರಿ ಅಣ್ಣಾ. ಮೈಗೆ ಬ್ಯಾನಿ ಬಂದಂಗ ಮನಸಿಗೂ ಬರತೈತಿ. ಧಾರವಾಡದ ತನಕ ಹೋಗೂಕಿಂತ ಮೊದಲ ಅದನ್ನ ಕೇಳವರು ಬೇಕಲ್ರೀ."

ನನ್ನ ಮೈಯಲ್ಲಿ ಟೀಚರು ಎದ್ದು ನಿಂತಳು. "ತಯಾರಿ ಮಾಡಸ್ತೇನಿ ತಡಿ" ಅಂದು, ಗಂಟಲು ಸರಿಮಾಡಿಕೊಂಡು, ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಶುರು ಮಾಡಿದೆ. ಅವಳು ಪಟಪಟ ಉತ್ತರ ಕೊಟ್ಟಳು. ನಿಜ ಹೇಳಬೇಕೆಂದರೆ ಉತ್ತರ ಸರಿಯೋ ತಪ್ಪೋ ನನಗೆ ಗೊತ್ತಾಗಲಿಲ್ಲ. ಆದರೂ 'ವೆರಿ ಗುಡ್' ಅನ್ನುತ್ತಿದ್ದೆ.

ಆಚೆ ಸೀಟಿನಲ್ಲಿ ಮಾಸೂರಿನ ಗಂಗವ್ವ ಎಂಬ ಮುದುಕಿ ಕುಳಿತಿದ್ದಳು. ಅವಳಿಗೆ ನನ್ನ ಇಂಗ್ಲಿಷ್ ಸಾಕಾಯಿತು. "ನೀ ಸುಮ್ನಿರಬೇ ಅಕ್ಕಾರ. ನಾ ಒಂದ ಕೇಳ್ತೇನಿ ಅಕಿನ್ನ" ಅಂದಳು.

ಕೇಳಿದಳು ನೋಡಿ.

"ನನ್ನ ಸೊಸಿ ಹಡದಾಳವ್ವ. ಗಂಡು ಕೂಸು, ಬಂಗಾರದಂಥಾದ್ದು. ಆದ್ರ ಅದರ ಮಾರಿನೂ ನೋಡವಲ್ಲಳು. ತಾಯತ ಕಟ್ಟಿಸಿದ್ವಿ, ಗುಡಿ ಅಂಗಾರ ಹಚ್ಚಿದ್ವಿ. ಮಂದಿ ಅಕಿಗೆ ಸೊಕ್ಕು ಅಂತಾರ. ನಾನೂ ಹಂಗ ಅಂದು ಬೈದೇನಿ. ನೀ ಏನಂತಿ?"

ಕಮಲಾ ಫೈಲನ್ನು ನನ್ನ ಕೈಗೆ ಕೊಟ್ಟು ಗಂಗವ್ವನ ಪಕ್ಕಕ್ಕೆ ಹೋಗಿ ಕುಳಿತಳು. "ನಿದ್ದಿ ಮಾಡ್ತಾಳೇನಬೇ? ಉಣತಾಳ? ಒಬ್ಬಾಕಿನ ಕುಂತು ಅಳತಾಳ?" ಮೆಲ್ಲಗೆ ಒಂದೊಂದೇ ಕೇಳಿದಳು. ಗಂಗವ್ವ ಹೇಳುತ್ತಾ ಹೋದಳು. ಬಸ್ಸಿನ ಗದ್ದಲ ತಾನಾಗಿಯೇ ಇಳಿಯಿತು.

"ಇದು ಸೊಕ್ಕಲ್ಲಬೇ, ಬ್ಯಾನಿ. ಹಡದವರಿಗೆ ಕೆಲವರಿಗೆ ಬರತೈತಿ. ಉಪಚಾರ ಮಾಡಿದ್ರ ವಾಸೀನೂ ಆಗತೈತಿ. ಅಕಿನ್ನ ಬೈಬ್ಯಾಡ್ರಿ, ಒಬ್ಬಾಕಿನ್ನ ಬಿಡಬ್ಯಾಡ್ರಿ. ತಡಾ ಮಾಡದ ಡಾಕ್ಟರಿಗೆ ತೋರಸ್ರಿ. ಯಾರ ಕಡೆ ಹೋಗಬೇಕು ನಾ ಹೇಳ್ತೇನಿ."

ಗಂಗವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು. "ಬ್ಯಾನಿ ಅಂತ ಒಬ್ಬರರ ಹೇಳಿದ್ದಿಲ್ಲಲ್ಲವ್ವಾ!"

ನನಗೂ ಕಣ್ಣೀರು ಬಂತು. ಮುಚ್ಚಿಡುವುದೇನು?

ಆಮೇಲೆ ಬಸ್ಸಿನಲ್ಲಿ ದವಾಖಾನೆಯೇ ತೆರೆಯಿತು. ನನ್ನ ಕುಕ್ಕರಿನ ಏಟು ತಿಂದವರು ಸವಣೂರಿನ ವೀಳ್ಯದೆಲೆ ವ್ಯಾಪಾರಿ ಖಾದರ್ ಸಾಹೇಬರು. ಅವರು ತಿರುಗಿ ಕುಳಿತು, "ನಮ್ಮ ದೋಸ್ತ ಒಬ್ಬಾತ ಅದಾನಮ್ಮ. ರಾತ್ರಿ ನಿದ್ದಿನ ಹತ್ತಂಗಿಲ್ಲ ಅವಗ. ಎದಿ ಢವಢವ ಅಂತೈತಿ" ಅಂದರು. ಕಮಲಾ ಆ ದೋಸ್ತನ ಬಗ್ಗೆ ಕೇಳಿದ ಪ್ರತಿಯೊಂದಕ್ಕೂ ಅವರು ತಡವರಿಸದೆ ಉತ್ತರ ಕೊಟ್ಟರು. ಆ ದೋಸ್ತ ಯಾರೆಂದು ಇಡೀ ಬಸ್ಸಿಗೆ ತಿಳಿಯಿತು. ಯಾರೂ ನಗಲಿಲ್ಲ.

ಅಷ್ಟರಲ್ಲಿ ತಡಸ ಬಂತು.

ತಡಸದಲ್ಲಿ ಚಹಾ. ಇದು ಈ ರೂಟಿನ ಅಲಿಖಿತ ಕಾನೂನು. ಆಕಾಶ ಕಳಚಿ ಬಿದ್ದರೂ ನಮ್ಮ ಡ್ರೈವರ್ ಇಲ್ಲಿ ಇಳಿಯಲೇಬೇಕು, ಮಿರ್ಚಿ ಭಜಿ ತಿನ್ನಬೇಕು, ಚಹಾ ಕುಡಿಯಬೇಕು, ಎಲೆ ಅಡಿಕೆ ಹಾಕಿ ಲೋಕಾಭಿರಾಮ ಮಾತಾಡಬೇಕು. ಅವನು ಬಾಗಿಲು ತೆಗೆಯಲು ಕೈ ಹಾಕಿದ.

"ಏ, ಇವತ್ತ ಚಹಾ ಇಲ್ಲ!" ಗುಡುಗಿದ್ದು ಯಾರು? ಗಂಗವ್ವ! ಕಣ್ಣು ಇನ್ನೂ ಒದ್ದೆಯಾಗಿಯೇ ಇತ್ತು.

"ಅಕೀ ಬೆಲ್ಲ ತಿಂದೀಯೋ ಇಲ್ಲೋ?" ಅಂದರು ಖಾದರ್ ಸಾಹೇಬರು.

"ತಿಂದೇನ್ರಿ" ಅಂದ ಡ್ರೈವರ್.

"ಮತ್ತ? ಹೊಡಿ ಗಾಡಿ!"

ಬಸಣ್ಣ ಎರಡು ಸಲ ಸೀಟಿ ಊದಿದ. ಬಸ್ಸು ಹೊರಟೇಬಿಟ್ಟಿತು ರೀ! ನಾನು ಈ ರೂಟಿನಲ್ಲಿ ಎಷ್ಟೋ ವರ್ಷದಿಂದ ಓಡಾಡುತ್ತಿದ್ದೇನೆ, ಇಂಥ ಪವಾಡ ನೋಡಿರಲಿಲ್ಲ. ಸಂತೋಷಕ್ಕೆ ನಾನು ಚಪ್ಪಾಳೆ ತಟ್ಟಿದೆ. ಕುಕ್ಕರ್ ಮತ್ತೆ ಉರುಳಿತು.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಬೇಕು. ಬಸಣ್ಣ ಬಸ್ಸು ನಿಲ್ಲುವ ಮುಂಚೆಯೇ ಹಾರಿ ಓಡಿ, ಹೊರಟಿದ್ದ ಇನ್ನೊಂದು ಬಸ್ಸಿನ ಮುಂದೆ ಎರಡೂ ಕೈ ಅಗಲಿಸಿ ನಿಂತ. ಕಮಲಾ ಹತ್ತಿದಳು. ಹಿಂದೆಯೇ ನಾನೂ ಹತ್ತಿದೆ. ಯಾಕೆ ಅಂತ ಕೇಳಬೇಡಿ. ಅರ್ಧ ಕಥೆ ಕೇಳಿ ಕುಕ್ಕರ್ ಅಂಗಡಿಗೆ ಹೋಗುವುದು ನನ್ನಿಂದ ಸಾಧ್ಯವೇ?

ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವಾಗ ಹನ್ನೊಂದು ದಾಟಿಹೋಗಿತ್ತು. ಬಾಗಿಲ ಹೊರಗೆ ಸ್ಟೂಲಿನ ಮೇಲೆ ಪ್ಯೂನ್. ನನ್ನನ್ನೂ ನನ್ನ ಕುಕ್ಕರನ್ನೂ ನೋಡಿ, "ನೀವೂ ಕ್ಯಾಂಡಿಡೇಟ್ ಏನ್ರೀ?" ಅಂದ.

"ನಾನಲ್ಲಪ್ಪ, ಈಕಿ. ಕಮಲಾ ಲಮಾಣಿ."

"ಹೆಸರ ಕರದಾತ್ರಿ. ಯಾರೂ ಇರಲಿಲ್ಲ. ಒಳಗ ಬರಿಯಾಕತ್ತಾರ."

"ಏನ ಬರಿಯಾಕತ್ತಾರ?"

"ಅದ ರೀ, ಯೋಗ್ಯ ಅಭ್ಯರ್ಥಿ ಸಿಗಲಿಲ್ಲ ಅಂತ."

ನನಗೆ ಸಿಟ್ಟು ನೆತ್ತಿಗೇರಿತು. ಜಗಳಕ್ಕೆ ಸೊಂಟ ಕಟ್ಟಿ ಬಾಯಿ ತೆರೆದೆ. (ನನ್ನ ಬಾಯಿ ನಿಮಗೆ ಗೊತ್ತಲ್ಲ.) ಆದರೆ ಜಗಳ ಆಡುವ ಭಾಗ್ಯ ನನಗೆ ಸಿಗಲಿಲ್ಲ. ಕಮಲಾಳ ಕಣ್ಣು ತುಂಬಿತ್ತು. ಅವಳು ಪ್ಯೂನನ್ನು ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಬಾಗಿಲು ತಳ್ಳಿದಳು. "ಬರಿಯಬ್ಯಾಡ್ರಿ ಸರ್. ನಾ ಬಂದೇನಿ" ಅಂದಳು. ಬಾಗಿಲು ಮುಚ್ಚಿತು.

ನಾನು ಹೊರಗೆ ಬೆಂಚಿನ ಮೇಲೆ ಕುಕ್ಕರ್ ತಬ್ಬಿಕೊಂಡು ಕುಳಿತೆ. ನನ್ನ ಹೆರಿಗೆಯ ಹೊತ್ತಿನಲ್ಲಿ ನಮ್ಮ ಯಜಮಾನರು ಹೀಗೇ ಕುಳಿತಿದ್ದರಂತೆ. ಒಳಗಿನಿಂದ ಏನೂ ಕೇಳಿಸುತ್ತಿಲ್ಲ. ತಿರುಗಿ ಕಳಿಸಿಬಿಟ್ಟರೆ? ತಾಂಡಾಕ್ಕೆ ಹೋಗಿ ಏನು ಹೇಳುತ್ತಾಳೆ? 'ನಿಮ್ಮ ಬೆಲ್ಲದಿಂದಲೇ ತಡವಾಯಿತು' ಅನ್ನುತ್ತಾಳೆಯೇ? ಸತ್ತರೂ ಅನ್ನುವುದಿಲ್ಲ ಅವಳು.

ಇದ್ದಕ್ಕಿದ್ದ ಹಾಗೆ ಒಳಗೆ ದೊಡ್ಡ ನಗು. ನಾಲ್ಕೈದು ಜನ ಕೂಡಿ ನಕ್ಕ ನಗು.

ಆಮೇಲೆ ಅವಳೇ ಹೇಳಿದಳು. ತಡವೇಕೆ ಅಂದರಂತೆ. ಇದ್ದದ್ದು ಇದ್ದ ಹಾಗೆ ಹೇಳಿದಳಂತೆ. "ನಾಳೆ ಕ್ಲಾಸಿಗೂ ಹೀಗೇ ತಡ ಮಾಡ್ತೀರೇನು?" ಅಂತ ಒಬ್ಬರು ಕೊಂಕು ತೆಗೆದರಂತೆ. "ಕ್ಲಾಸಿಗೆ ಹೋಗವರಿಗೆ ಯಾರೂ ಬೆಲ್ಲ ತಿನಸೂದಿಲ್ರಿ ಸರ್" ಅಂದಳಂತೆ ಈ ಪುಣ್ಯಾತಗಿತ್ತಿ! ಅಲ್ಲಿಂದ ಮಾತು ಅವಳ ಸಂಶೋಧನೆಗೆ ಹೋಯಿತು. ತಾಂಡಾದ ಹೆಂಗಸರು ಮನಸ್ಸಿನ ನೋವನ್ನು 'ತಲಿ ನೋವು, ಸೊಂಟ ನೋವು' ಅಂತ ಹೇಳಿಕೊಳ್ಳುವುದರ ಮೇಲೆ ಅವಳು ಕೆಲಸ ಮಾಡಿದ್ದಾಳೆ. ಊಟದ ಹೊತ್ತು ಮೀರಿದರೂ ಯಾರೂ ಏಳಲಿಲ್ಲವಂತೆ.

ಕೊನೆಗೆ ಬಾಗಿಲು ತೆರೆಯಿತು. ಅವಳ ಹಿಂದೆ ವಿಭಾಗದ ಮುಖ್ಯಸ್ಥರೂ ಹೊರಗೆ ಬಂದರು. ನರೆತ ಕೂದಲಿನ, ದಪ್ಪ ಕನ್ನಡಕದ ಮನುಷ್ಯ. ಮುಖ ಅರಳಿತ್ತು. "ಆರ್ಡರ್ ಪೋಸ್ಟಿನಲ್ಲಿ ಬರುತ್ತದೆ. ನಾನು ಈಗಲೇ ಏನೂ ಹೇಳುವ ಹಾಗಿಲ್ಲ" ಅಂದವರು, ಮರುಕ್ಷಣವೇ, "ಜೂನಿನಿಂದ ಇಲ್ಲಿ ಒಂದು ಮನೆ ನೋಡಿಕೊಳ್ಳಮ್ಮ" ಅಂದುಬಿಟ್ಟರು!

ನಾನು ಕುಕ್ಕರನ್ನು ಪ್ಯೂನನ ಕೈಗೆ ಕೊಟ್ಟು ಅವಳನ್ನು ಅಪ್ಪಿಕೊಂಡೆ. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ನನ್ನದೂ ಅದೇ ಗತಿ.

ಮುಖ್ಯಸ್ಥರು ಹೋಗಲಿಲ್ಲ. ಕನ್ನಡಕ ಒರೆಸುತ್ತ ನಿಂತಿದ್ದರು. "ಇನ್ನೊಂದು ಮೀಸಲು ಹುದ್ದೆ ಖಾಲಿ ಇದೆಯಮ್ಮ. ಜನವೇ ಸಿಗುವುದಿಲ್ಲ. ನಿನಗೆ ಯಾರಾದರೂ ಗೊತ್ತೇ?"

"ಅದಾರ್ರೀ ಸರ್. ಹಿರೇಕೆರೂರ ಕಡೆ ಒಬ್ಬಾಕಿ, ಶಿಗ್ಗಾವಿ ಕಡೆ ಒಬ್ಬಾತ. ಇಬ್ಬರೂ ನನ್ನಕಿಂತ ಶಾಣ್ಯಾ. ಆದ್ರ ನಿಮ್ಮ ಜಾಹೀರಾತು ಬರೂದು ಇಂಗ್ಲಿಷ್ ಪೇಪರಿನಾಗ. ಅದು ನಮ್ಮೂರಿಗೆ ಬರೂದಿಲ್ಲ. ನನಗೂ ಗೆಳತಿ ಹೇಳಿ ಕಳಿಸಿದ್ಲು ಅಂತ ಗೊತ್ತಾತ್ರಿ."

ದೊಡ್ಡ ಮನುಷ್ಯರು ಗಂಭೀರವಾಗಿ ತಲೆಯಾಡಿಸಿದರು. ಮುಂದಿನ ಸಲ ಜಾಹೀರಾತನ್ನು ಇನ್ನೂ ದೊಡ್ಡದಾಗಿ ಹಾಕಿಸುವುದಾಗಿ ಹೇಳಿದರು. ಅದೇ ಪೇಪರಿನಲ್ಲಿ!

ಅಲ್ಲರೀ, ಜನ ಸಿಗುವುದಿಲ್ಲ ಅನ್ನುವವರು ಒಂದು ದಿನ ನಮ್ಮ ಬಸ್ಸು ಹತ್ತಿ ಹುಡುಕಿಕೊಂಡು ಬರಬಾರದೇ?